ಬ್ಯಾಟರಿ ಗಾಡಿ ತಗೋತೀರಾ? ಮೊದಲು ನಿಮ್ಮ ದಾರಿಯ ಘಟ್ಟ ನೋಡಿ

ಬ್ಯಾಟರಿ ಗಾಡಿ ಕೊಳ್ಳುವಾಗ ಎಲ್ಲರೂ ಕೇಳೋದು ಒಂದೇ, ‘ಲೈಸೆನ್ಸ್ ಬೇಕಾ?’ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ನೀವು ದಿನಾ ಓಡಾಡುವ ದಾರಿಯಲ್ಲಿ ಘಟ್ಟ ಇದೆಯಾ?

ಮೊದಲು ಲೈಸೆನ್ಸ್ ವಿಷಯ ಮುಗಿಸೋಣ. ಮೋಟಾರ್ 250 ವ್ಯಾಟ್‌ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ. ಈ ಮೂರೂ ಇದ್ದರೆ ಮಾತ್ರ ಕಾನೂನಿನ ಲೆಕ್ಕಕ್ಕೆ ಆ ಸ್ಕೂಟರ್ ಮೋಟಾರು ವಾಹನ ಅಲ್ಲ. ನೋಂದಣಿ, ಡಿಎಲ್, ಇನ್ಶೂರೆನ್ಸ್ ಯಾವುದೂ ಬೇಡ. ಪೆಡಲ್ ಇರುವ ಸೈಕಲ್ ಆದರೆ ನೀವು ತುಳಿಯೋದು ನಿಲ್ಲಿಸಿದಾಗ ಅಥವಾ ವೇಗ 25 ಮುಟ್ಟಿದಾಗ ಮೋಟಾರ್ ತಾನಾಗಿ ಬಂದ್ ಆಗಬೇಕು. ‘ಇದಕ್ಕೆ ಏನೂ ಬೇಡ ಸರ್’ ಅನ್ನೋ ಬಾಯಿಮಾತು ಸಾಲದು, ಎಆರ್‌ಎಐ ಅಥವಾ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ತೋರಿಸಿ ಅನ್ನಿ. ‘ಒಂದು ವೈರ್ ಕಿತ್ತರೆ 40ರಲ್ಲಿ ಹೋಗ್ತದೆ’ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಬೇಡ ಅಂತ ಹೇಳಿ ಬನ್ನಿ. ವೈರ್ ಕಿತ್ತ ಆ ಕ್ಷಣದಿಂದ ಅದು ನೋಂದಣಿ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಯಾರಿಗಾದರೂ ಗುದ್ದಿದರೆ ಪರಿಹಾರ ಪೂರ್ತಿ ನಿಮ್ಮ ಕಿಸೆಯಿಂದಲೇ.

ಇದಕ್ಕಿಂತ ದೊಡ್ಡ ಗಾಡಿ ಆದರೆ ಪೆಟ್ರೋಲ್ ಸ್ಕೂಟರಿನ ನಿಯಮಗಳೇ ಅನ್ವಯ. ಕಾರವಾರದಲ್ಲಿ ಕೆಎ-30, ಶಿರಸಿಯಲ್ಲಿ ಕೆಎ-31 ನೋಂದಣಿ, ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ. ಗೇರ್ ಇಲ್ಲದ ಗಾಡಿಯ ಡಿಎಲ್ ಸಾಕು. ಹೆಲ್ಮೆಟ್ ಮುಂದಿನವರಿಗೂ ಹಿಂದಿನವರಿಗೂ ಬೇಕು, ಐಎಸ್‌ಐ ಗುರುತಿನದ್ದೇ ಆಗಬೇಕು. ಹೊಗೆ ತಪಾಸಣೆ ಮಾತ್ರ ಬೇಡ. ‘ಬ್ಯಾಟರಿ ಗಾಡಿ ತಾನೇ’ ಅಂತ ಹೈಸ್ಕೂಲ್ ಮಗನ ಕೈಗೆ ಕೀ ಕೊಡುವ ಅಪ್ಪಂದಿರು ಇದನ್ನೊಮ್ಮೆ ಓದಿಕೊಳ್ಳಿ: ಸಿಕ್ಕಿಬಿದ್ದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದದ್ದು ಇದು.

ಈಗ ಘಟ್ಟ. ಲೈಸೆನ್ಸ್ ಬೇಡದ ಗಾಡಿಯಲ್ಲಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಹತ್ತುತ್ತೇನೆ ಅಂದುಕೊಂಡರೆ ಸ್ವಲ್ಪ ಲೆಕ್ಕ ಹಾಕಿ. ಗಾಡಿ, ಬ್ಯಾಟರಿ, 70 ಕೆ.ಜಿ.ಯ ನೀವು, ಎಲ್ಲಾ ಸೇರಿ 145 ಕೆ.ಜಿ. ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ 250 ವ್ಯಾಟ್ ಮೋಟಾರ್ ಇದನ್ನು ಎಳೆಯೋದು ಗಂಟೆಗೆ ಏಳೆಂಟು ಕಿ.ಮೀ. ವೇಗದಲ್ಲಿ. ತಿರುವಿನಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಈ ವೇಗ ಬಹಳ ಅಪಾಯ. ಪೇಟೆ ಒಳಗೆ, ಕಾರವಾರದ ಕಾಜುಬಾಗದಿಂದ ಬಸ್‌ಸ್ಟ್ಯಾಂಡ್‌ವರೆಗೆ, ಅದಕ್ಕೆಲ್ಲ ಈ ಗಾಡಿ ಚೆನ್ನಾಗಿದೆ. ಘಟ್ಟಕ್ಕೆ ಅಲ್ಲ.

ದೊಡ್ಡ ಸ್ಕೂಟರ್ ಆರಾಮಾಗಿ ಹತ್ತುತ್ತದೆ, ಆದರೆ ಚಾರ್ಜ್ ತಿನ್ನುತ್ತದೆ. ಇಬ್ಬರು ಕೂತು 500 ಮೀಟರ್ ಎತ್ತರ ಏರಿದರೆ ಅರ್ಧ ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟ್ ಬರೀ ಏರೋದಕ್ಕೇ ಹೋಗುತ್ತದೆ; ಸಪಾಟು ರಸ್ತೆಯಲ್ಲಿ ಅಷ್ಟರಲ್ಲಿ ಹತ್ತಕ್ಕಿಂತ ಜಾಸ್ತಿ ಕಿ.ಮೀ. ಹೋಗಬಹುದಿತ್ತು. ಶಿರಸಿಯಿಂದ ಕುಮಟಾ ಹತ್ತಿರ ಹತ್ತಿರ 60 ಕಿ.ಮೀ., ಹಾಗಾಗಿ ಇಳಿಯುವಾಗ ಖರ್ಚಾದ ಚಾರ್ಜ್ ನೋಡಿ ವಾಪಸ್ ಹತ್ತಿ ಬರೋ ಲೆಕ್ಕ ಹಾಕಬೇಡಿ, ಕೆಳಗೆ ಚಾರ್ಜ್ ಮಾಡಿಕೊಂಡೇ ಹೊರಡಿ.

ಇಳಿಯುವಾಗ ಬೇರೆ ತಮಾಷೆ. ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುವ ವ್ಯವಸ್ಥೆ ಬಹಳ ಗಾಡಿಗಳಲ್ಲಿದೆ. ಬ್ಯಾಟರಿ ತುಂಬಿದ್ದರೆ ಆ ಕರೆಂಟ್‌ಗೆ ಜಾಗ ಇರಲ್ಲ, ಹಿಡಿತವೂ ಸಿಗಲ್ಲ. ಮನೆ ಘಟ್ಟದ ತಲೆಯಲ್ಲೇ ಇದ್ದರೆ ನೂರಕ್ಕೆ ನೂರು ಚಾರ್ಜ್ ಮಾಡದೆ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಇರಬೇಡಿ, ಬಿಸಿಯಾಗಿ ಹಿಡಿತ ಕಡಿಮೆ ಆಗುತ್ತದೆ. ಒತ್ತಿ, ವೇಗ ಇಳಿಸಿ, ಬಿಡಿ. ಕರೆಂಟ್ ಉಳಿಸಲು ಗಾಡಿ ಆಫ್ ಮಾಡಿ ಇಳಿಯೋದಂತೂ ಬೇಡವೇ ಬೇಡ.

ಇನ್ನೊಂದು, ಈ ಗಾಡಿಗೆ ಸದ್ದಿಲ್ಲ. ಮಳೆಗಾಲದ ರಾತ್ರಿ ಡಾಂಬರಿನ ಮೇಲೆ ಮಲಗಿದ ದನಕ್ಕೆ ನೀವು ಬಂದದ್ದೇ ಗೊತ್ತಾಗಲ್ಲ. ಹಾರ್ನ್ ಮಾಡಿ, ನಿಧಾನ ಹೋಗಿ.

ಚಾರ್ಜಿಂಗ್‌ಗೆ ಕಂಪನಿ ಕೊಟ್ಟ ಚಾರ್ಜರ್, 16 ಆಂಪ್ ಪಾಯಿಂಟ್, ಸರಿಯಾದ ಅರ್ಥಿಂಗ್. ಹಳೇ ಹೆಂಚಿನ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಶಾಕ್ ಹೊಡೆದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಓಡಿಸಿ ಬಂದ ಕೂಡಲೆ ಚಾರ್ಜ್‌ಗೆ ಹಾಕದೆ ಸ್ವಲ್ಪ ಹೊತ್ತು ಆರಲು ಬಿಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಮಲಗುವ ಕೋಣೆಯಲ್ಲಿ, ಹೆಬ್ಬಾಗಿಲಿಗೆ ಅಡ್ಡವಾಗಿ ಚಾರ್ಜ್ ಮಾಡಬೇಡಿ, ಬೆಂಕಿ ಹತ್ತಿದರೆ ಹೊರಗೆ ಓಡಲು ದಾರಿ ಬೇಕಲ್ವಾ? ಹತ್ತಿದರೆ ಆ ಹೊಗೆ ವಿಷ, ದೂರ ಹೋಗಿ 112ಕ್ಕೆ ಫೋನ್ ಮಾಡಿ.

ಕರಾವಳಿಯವರಿಗೆ ಕೊನೆಯದು: ಉಪ್ಪು. ಬ್ಯಾಟರಿಗೆ ಐಪಿ67 ಗುರುತು ಇದೆ ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆದೀತು ಅಂತ, ಆದರೆ ಆ ಪರೀಕ್ಷೆ ಸಮುದ್ರದ ನೀರಿನದ್ದಲ್ಲ. ಫೋಟೋಗೋಸ್ಕರ ಬೀಚಿಗೆ ಇಳಿಸಬೇಡಿ. ಉಪ್ಪಿನ ಗಾಳಿಗೆ ನಿಂತ ಗಾಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಸರ್ವೀಸಿನ ಪ್ರೆಶರ್ ನೀರನ್ನು ಕನೆಕ್ಟರ್‌ಗಳ ಮೇಲೆ ಬಿಡಿಸಬೇಡಿ. ಉಪ್ಪುನೀರಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಿ ನೋಡಬೇಡಿ, ಚಾರ್ಜ್‌ಗೂ ಹಾಕಬೇಡಿ. ಬ್ಯಾಟರಿ ಎಷ್ಟೋ ದಿನ ಬಿಟ್ಟು ಬೆಂಕಿ ಹಿಡಿಯುವ ಸಾಧ್ಯತೆ ಇದೆ. ಮನೆ, ಕೊಟ್ಟಿಗೆ, ಒಣಹುಲ್ಲಿನಿಂದ ದೂರ, ಬಯಲಲ್ಲಿ ನಿಲ್ಲಿಸಿ ಸರ್ವೀಸಿನವರನ್ನು ಕರೆಸಿ.