ಎಕ್ಸ್‌ಲಿಬ್ ಕಲಿಯಲು ಪುಸ್ತಕ ಹುಡುಕಿದ್ದು: ನನ್ನ ಅನುಭವ

ಮಂಗಳೂರಿನ ಬೈಕಂಪಾಡಿಯಲ್ಲಿ ಗೇರುಬೀಜ ಕಾರ್ಖಾನೆಗಳಿಗೆ ತೂಕದ ಯಂತ್ರ ಮಾಡಿಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ತಂತ್ರಾಂಶ ಬರೆಯುತ್ತೇನೆ. ಯಂತ್ರದ ಏಳು ಇಂಚಿನ ಪರದೆಯ ಹಿಂದಿರುವ ಲಿನಕ್ಸ್ ಬೋರ್ಡಿನಲ್ಲಿ ಮೆಮೊರಿ ಇದ್ದದ್ದು 64 ಎಂಬಿ ಮಾತ್ರ. ಹೀಗಾಗಿ ಜಿಟಿಕೆ, ಕ್ಯೂಟಿಯಂತಹ ದೊಡ್ಡ ಲೈಬ್ರರಿಗಳನ್ನು (ಪರದೆ ರೂಪಿಸಲು ಬಳಸುವ ಸಿದ್ಧ ಕೋಡ್ ಸಂಗ್ರಹಗಳನ್ನು) ಬಿಟ್ಟು, ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ತಳಮಟ್ಟದ ಲೈಬ್ರರಿಯಾದ ಎಕ್ಸ್‌ಲಿಬ್‌ನಲ್ಲಿಯೇ ಸಿ ಭಾಷೆಯಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಅಲ್ಲಿ ಇಲ್ಲಿ ಸಿಕ್ಕಿದ ತುಣುಕು ಕೋಡ್‌ಗಳನ್ನು ಜೋಡಿಸಿ ವಿಂಡೋ ತೆರೆದದ್ದೇನೋ ಆಯಿತು; ಆದರೆ ಅದರಲ್ಲಿ ಬರೆದ ಅಂಕಿಗಳು ಒಮ್ಮೆ ಕಂಡರೆ ಇನ್ನೊಮ್ಮೆ ಬರಿಯ ಬಿಳಿ ಪರದೆಯೇ ಉಳಿಯುತ್ತಿತ್ತು. ಕಾರಣ ಹೇಳಬಲ್ಲವರು ಸುತ್ತಮುತ್ತ ಯಾರೂ ಇಲ್ಲದಿದ್ದುದರಿಂದ ಪುಸ್ತಕ ಹುಡುಕಲು ಹೊರಟೆ.

ಮೊದಲ ತಪ್ಪು ನನ್ನದೇ. ಅದೇ ಪರದೆ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲೂ ಬೇಕಾಗಿತ್ತು. ಚಾರ್ಲ್ಸ್ ಪೆಟ್ಜೋಲ್ಡ್ ಅವರ ‘ಪ್ರೋಗ್ರಾಮಿಂಗ್ ವಿಂಡೋಸ್’ ಓದದೆ ವಿಧಿಯಿಲ್ಲವೆಂದು ಹಿಂದೆಯೇ ಕೇಳಿದ್ದೆನಾದ್ದರಿಂದ, ಹೊಸದಿರುವಾಗ ಹಳೆಯದೇಕೆ ಎಂದು ಆರನೆಯ ಆವೃತ್ತಿಯನ್ನೇ ತರಿಸಿಕೊಂಡೆ. ಬಿಚ್ಚಿ ನೋಡಿದರೆ ಅದು ವಿಂಡೋಸ್ 8ಕ್ಕಾಗಿ ಸಿ ಶಾರ್ಪ್ ಮತ್ತು ಝಾಮಲ್ ಎಂಬ ಬೇರೆ ಭಾಷೆಗಳನ್ನು ಬಳಸಿ ಬರೆದ ಪುಸ್ತಕ. ಸಿ ಭಾಷೆಯಲ್ಲಿ ವಿನ್32ರ (ವಿಂಡೋಸಿನ ತಳಮಟ್ಟದ ಸೌಲಭ್ಯಗಳ) ಕರೆಗಳನ್ನು, ಅಂದರೆ ಪ್ರೋಗ್ರಾಮು ಬಳಸುವ ಆಜ್ಞೆಗಳನ್ನು, ಒಂದೊಂದಾಗಿ ಬಿಡಿಸಿ ಹೇಳುವುದು 1998ರ ಐದನೆಯ ಆವೃತ್ತಿ, ಸುಮಾರು 1,500 ಪುಟಗಳದ್ದು. ಹೊಸ ಮುದ್ರಣ ಬಂದೊಡನೆ ಹಳೆಯದು ರದ್ದಿಗೆ ಎಂಬ ಕಾಲೇಜಿನ ದಿನಗಳ ರೂಢಿ ಈ ವಿಷಯದಲ್ಲಿ ನಡೆಯುವುದಿಲ್ಲ.

ಆಮೇಲೆ ಪರಿಚಯದ ಪ್ರಾಧ್ಯಾಪಕರೊಬ್ಬರ ಮೂಲಕ ಒಂದು ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು. ಕೆಳಗಿನ ಕಪಾಟಿನ ಪುಸ್ತಕಗಳೆಲ್ಲ ತೇವಕ್ಕೆ ಉಬ್ಬಿ ಬೂಷ್ಟಿನ ವಾಸನೆ ಹೊಡೆಯುತ್ತಿದ್ದವು. “ಇವನ್ನು ಈಗ ಯಾರೂ ಕೇಳುವುದೇ ಇಲ್ಲ ಮಾರಾಯ್ರೆ, ರದ್ದಿಯ ಪಟ್ಟಿಯಲ್ಲಿ ಉಂಟು” ಎಂದು ಗ್ರಂಥಪಾಲಕರು ಎಕ್ಸ್‌ಲಿಬ್ ಕುರಿತ ನಾಲ್ಕು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು.

ನಾಲ್ಕನ್ನೂ ಓದಲು ಸಮಯವಿರಲಿಲ್ಲವಾದ್ದರಿಂದ ಒಂದು ಉಪಾಯ ಮಾಡಿದೆ. ಕೊನೆಯ ಪದಸೂಚಿಯಲ್ಲಿ ‘ಎಕ್ಸ್‌ಪೋಸ್’ ಎಂಬ ಪದವನ್ನು ಹುಡುಕಿ ಆ ಪುಟಗಳನ್ನಷ್ಟೇ ಓದಿದೆ. ವಿಂಡೋದಲ್ಲಿ ಬರೆದದ್ದನ್ನು ನೆನಪಿಟ್ಟುಕೊಳ್ಳುವ ಹೊಣೆಯನ್ನು ಎಕ್ಸ್ ಸರ್ವರ್ (ಪರದೆಯನ್ನು ನೋಡಿಕೊಳ್ಳುವ ತಂತ್ರಾಂಶ) ಹೊರುವುದಿಲ್ಲ. ಮರೆಯಾಗಿದ್ದ ಭಾಗ ಮತ್ತೆ ತೆರೆದುಕೊಂಡಾಗ, ಪುನಃ ಬರೆಯಿರಿ ಎಂದು ಪ್ರೋಗ್ರಾಮಿಗೆ ಎಕ್ಸ್‌ಪೋಸ್ ಘಟನೆಯನ್ನು ಕಳುಹಿಸುತ್ತದೆ. ಮೊದಲ ಸಲ ಬರೆಯುವುದಕ್ಕೂ ಇದಕ್ಕೇ ಕಾಯಬೇಕು, ಏಕೆಂದರೆ ವಿಂಡೋ ಪರದೆಯ ಮೇಲೆ ಮೂಡುವ ಮೊದಲೇ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ. ನನ್ನ ಬಿಳಿ ಪರದೆಯ ಗುಟ್ಟು ಇಷ್ಟೇ. ಒಂದು ಪುಸ್ತಕವಂತೂ ವಿಂಡೋ ತೆರೆದ ಮೇಲೆ ಒಂದು ಸೆಕೆಂಡು ನಿದ್ರೆ ಮಾಡಿ ಅನಂತರ ಬರೆಯುವಂತೆ ಹೇಳುತ್ತಿತ್ತು. ಅದನ್ನು ಅಲ್ಲಿಯೇ ಮುಚ್ಚಿಟ್ಟೆ.

ಉಳಿದುಕೊಂಡದ್ದು ಏಡ್ರಿಯನ್ ನೈ ಅವರ ‘ಎಕ್ಸ್‌ಲಿಬ್ ಪ್ರೋಗ್ರಾಮಿಂಗ್ ಮ್ಯಾನ್ಯುಅಲ್’, ಓರೈಲಿಯವರ ಎಕ್ಸ್ ಮಾಲೆಯ ಒಂದನೆಯ ಸಂಪುಟ. ‘ಬೇಸಿಕ್‌ವಿನ್’ ಎಂಬ ಒಂದೇ ಚಿಕ್ಕ ಪ್ರೋಗ್ರಾಮನ್ನು ಹಿಡಿದುಕೊಂಡು ಪ್ರತಿಯೊಂದು ಕರೆ ಏಕಿದೆಯೆಂದು ಅದು ವಿವರಿಸುತ್ತದೆ. ಪರದೆ ಇರುವ ಯಂತ್ರವೇ ಸರ್ವರ್, ನಮ್ಮ ಪ್ರೋಗ್ರಾಮು ಅದರ ಗ್ರಾಹಕ ಎಂಬ ಸಂಗತಿ ತಲೆಯಲ್ಲಿ ನೆಟ್ಟಗಾದದ್ದು ಇದನ್ನು ಓದಿದ ಮೇಲೆಯೇ.

ಮತ್ತೊಂದು ದೋಷವೂ ಇದರಿಂದಲೇ ಬಗೆಹರಿಯಿತು. ತಕ್ಕಡಿಯ ಮೇಲೆ ಗೇರುಬೀಜದ ಡಬ್ಬಿಯಿಟ್ಟರೆ ಪರದೆಯ ಅಂಕಿ ಹಾಗೆಯೇ ನಿಂತಿರುತ್ತಿತ್ತು; ಯಾರಾದರೂ ಪರದೆಯನ್ನು ಮುಟ್ಟಿದ ಕೂಡಲೇ ಸರಿಯಾದ ತೂಕ ಬರುತ್ತಿತ್ತು. ಸ್ಪರ್ಶ ಫಲಕವನ್ನು ಅನುಮಾನಿಸಿ ಎರಡು ದಿನ ಕಳೆದೆ. ಎಕ್ಸ್‌ಲಿಬ್ ನಮ್ಮ ಕೋರಿಕೆಗಳನ್ನು ತನ್ನ ಬಫರಿನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಕೂಡಿಟ್ಟುಕೊಂಡು ಒಟ್ಟಿಗೆ ಕಳುಹಿಸುತ್ತದೆ ಎಂದು ಓದಿದಾಗ ಹೊಳೆಯಿತು: ನನ್ನ ಪ್ರೋಗ್ರಾಮು ಹೊಸದೇನಾದರೂ ಬರಲೆಂದು ‘ಸೆಲೆಕ್ಟ್’ ಕರೆಯಲ್ಲಿ ಕಾಯುತ್ತ ಕುಳಿತಾಗ, ಬರೆದ ಅಂಕಿ ಬಫರಿನಲ್ಲೇ ಬಿದ್ದಿರುತ್ತಿತ್ತು. ಕಾಯುವ ಮೊದಲು ಬಫರಿನಲ್ಲಿದ್ದದ್ದನ್ನೆಲ್ಲ ಕಳುಹಿಸಿಬಿಡುವ ‘ಎಕ್ಸ್‌ಫ್ಲಶ್’ನ ಒಂದು ಸಾಲು ಸೇರಿಸಿದೆ, ಮುಗಿಯಿತು.

ಪೆಟ್ಜೋಲ್ಡ್ ಅವರ ಐದನೆಯ ಆವೃತ್ತಿ ಕೊನೆಗೆ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಪುನಃ ಬರೆಯಿರಿ ಎಂದು ವಿಂಡೋಸ್ ಕಳುಹಿಸುವ ಪೇಂಟ್ ಸಂದೇಶ ಬಂದಾಗ ‘ಬಿಗಿನ್‌ಪೇಂಟ್’ ಕರೆಯದೆ ಬಿಟ್ಟರೆ ಅದೇ ಸಂದೇಶ ಬರುತ್ತಲೇ ಇದ್ದು ಪ್ರೊಸೆಸರನ್ನು ಹಿಂಡುತ್ತದೆ ಎಂಬುದನ್ನು ಅಲ್ಲಿಂದ ಕಲಿತೆ. ಎಕ್ಸ್‌ಪೋಸ್ ಅರ್ಥವಾಗಿದ್ದರಿಂದ ಆ ಪುಸ್ತಕದ ಮೊದಲ ಅಧ್ಯಾಯಗಳು ಬೇಗ ಸಾಗಿದವು.

ಹಳೆಯ ಪುಸ್ತಕಗಳು ಕೈಬಿಟ್ಟದ್ದು ಕನ್ನಡದ ವಿಷಯದಲ್ಲಿ. ‘ಒಟ್ಟು ತೂಕ’ ಎಂದು ಬರೆಸಿದರೆ ಪರದೆಯಲ್ಲಿ ‘ಒಟ್‌ಟು ತೂಕ’ ಎಂದು ಬರುತ್ತಿತ್ತು. ಎಕ್ಸ್‌ನಲ್ಲಿ ಅಕ್ಷರ ಮೂಡಿಸುವ ಲೈಬ್ರರಿಯಾದ ಎಕ್ಸ್‌ಎಫ್‌ಟಿ ಅಕ್ಷರಗಳನ್ನು ಒಂದರ ಪಕ್ಕ ಒಂದಿಡುತ್ತದೆಯೇ ಹೊರತು ಒತ್ತಕ್ಷರ ಕಟ್ಟುವುದಿಲ್ಲ. ಆ ಕೆಲಸ ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯದು. ಅದಕ್ಕೆ ಪುಸ್ತಕ ಹುಡುಕದೆ ಅದರದೇ ದಾಖಲೆಗಳನ್ನು ಓದಿ, ಅದು ಕೊಟ್ಟ ಗ್ಲಿಫ್‌ಗಳನ್ನು (ಅಕ್ಷರ ರೂಪಗಳನ್ನು) ಎಕ್ಸ್‌ಎಫ್‌ಟಿಗೆ ಒಪ್ಪಿಸಿದೆ.

ಎಕ್ಸ್‌ನ ಈಗಲೂ ಬಳಕೆಯಲ್ಲಿರುವ ಆವೃತ್ತಿ ಎಕ್ಸ್11 ಹೊರಬಂದದ್ದು 1987ರಲ್ಲಿ. ಇಂದು ಡೆಸ್ಕ್‌ಟಾಪಿಗೆಂದು ಹೊಸದಾಗಿ ಆರಂಭಿಸುವವರು ಎಕ್ಸ್‌ನ ಬದಲಿಗೆಂದು 2008ರಲ್ಲಿ ಶುರುವಾದ ವೇಲ್ಯಾಂಡ್ ಕಡೆಗೆ ಹೋಗುವುದು ಒಳ್ಳೆಯದು. ಡ್ರ್ಯೂ ಡಿವಾಲ್ಟ್ ಅವರ ‘ದಿ ವೇಲ್ಯಾಂಡ್ ಪ್ರೊಟೋಕಾಲ್’ ಉಚಿತವಾಗಿಯೇ ಸಿಗುತ್ತದೆ. ನಮ್ಮ ಬೋರ್ಡುಗಳಲ್ಲಿ ಮಾತ್ರ ಇನ್ನೂ ಎಕ್ಸ್ ಇದೆ. ನೈ ಅವರ ಪುಸ್ತಕ ರದ್ದಿಯ ಬೆಲೆಗೆ ನನ್ನ ಪಾಲಾಗಿ, ಈಗ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇರುತ್ತದೆ. ಕರೆಗಳ ಪಟ್ಟಿಯಿರುವ ಎರಡನೆಯ ಸಂಪುಟವನ್ನು ನಾನು ಹುಡುಕಲೇ ಇಲ್ಲ. ಅದರ ಕೆಲಸ ಲಿನಕ್ಸಿನಲ್ಲೇ ಇರುವ ಮ್ಯಾನ್ ಪುಟಗಳಿಂದಲೇ (ಕೈಪಿಡಿಯಿಂದಲೇ) ನಡೆಯುತ್ತಿದೆ.