ಫ್ರೀಲ್ಯಾನ್ಸರ್‌ಗಳಿಗೆ ತಿಂಗಳ ಮಾರ್ಕೆಟಿಂಗ್ ಗುರಿ: ಹಾಕಿಕೊಳ್ಳುವುದು ಹೇಗೆ, ಕೊನೆಗೆ ಪರಿಶೀಲಿಸುವುದು ಹೇಗೆ

ಕ್ಲೈಂಟ್ ಕೆಲಸ ಕೈತುಂಬಾ ಇದ್ದಾಗ ಮಾರ್ಕೆಟಿಂಗಿಗೆ ಪುರುಸೊತ್ತು ಇರುವುದಿಲ್ಲ. ಕೆಲಸ ಖಾಲಿಯಾದ ಕೂಡಲೇ ಗಾಬರಿ ಬಿದ್ದು ಒಂದೇ ವಾರದಲ್ಲಿ ಮೂರ್ನಾಲ್ಕು ಬ್ಲಾಗ್ ಪೋಸ್ಟ್ ಬರೆದು, ಸಿಕ್ಕ ಸಿಕ್ಕವರಿಗೆಲ್ಲ ಮೇಲ್ ಕಳಿಸಿ, ಒಂದು ಪ್ರಾಜೆಕ್ಟ್ ಬಂತು ಅಂದರೆ ಮತ್ತೆ ಎಲ್ಲ ಕೈಬಿಡುತ್ತೇವೆ. ತಿಂಗಳಿಗೊಂದು ಗುರಿ ಅಂತ ಇಟ್ಟುಕೊಳ್ಳುವುದು ಈ ಏರುಪೇರು ತಗ್ಗಲಿ ಅಂತ. ಆದರೆ "ಈ ತಿಂಗಳು ಬ್ಲಾಗಿಗೆ 5,000 ಓದುಗರು ಬರಬೇಕು" ಅಂತ ಬರೆದಿಟ್ಟುಕೊಂಡರೆ ನಾಳೆ ಬೆಳಿಗ್ಗೆ ಕೂತು ಏನು ಮಾಡಬೇಕು ಅಂತ ಅದರಿಂದ ಗೊತ್ತಾಗುವುದಿಲ್ಲ, ಅಲ್ವಾ? ಓದುಗರು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಬರೆಯುವುದು, ಕಳಿಸುವುದು, ಮಾತಾಡಿಸುವುದು ಇದೆ. ಹಾಗಾಗಿ ಗುರಿಯನ್ನು ಮಾಡುವ ಕೆಲಸದ ಮೇಲೆ ಇಡಿ. ಅಂಕಿಗಳನ್ನು ತಿಂಗಳ ಕೊನೆಗೆ ನೋಡಿದರೆ ಸಾಕು.

ಲೆಕ್ಕ ಕ್ಲೈಂಟಿನಿಂದ ಶುರುವಾಗಲಿ. ಎರಡು ತಿಂಗಳಲ್ಲಿ ಇಬ್ಬರು ಹೊಸ ಕ್ಲೈಂಟುಗಳು ಬೇಕು ಅಂತ ಇಟ್ಟುಕೊಳ್ಳೋಣ. ಹಳೆಯ ಮೇಲ್‌ಗಳನ್ನು ತೆರೆದು, ವಿಚಾರಿಸಿದವರಲ್ಲಿ ಎಷ್ಟು ಜನ ಕೊನೆಗೂ ಕೆಲಸ ಕೊಟ್ಟರು ನೋಡಿ. ನಾಲ್ವರಲ್ಲಿ ಒಬ್ಬರು ಅಂತಾದರೆ ಇಬ್ಬರು ಸಿಗಲು 8 ಜನ ವಿಚಾರಿಸಬೇಕು, ಅಂದರೆ ತಿಂಗಳಿಗೆ 4. ಈಗ ಹೋದ ಆರು ತಿಂಗಳಲ್ಲಿ ವಿಚಾರಿಸಿದವರನ್ನು ಮೂರು ಗುಂಪು ಮಾಡಿ: ಹಳೆಯ ಕ್ಲೈಂಟ್ ಹೇಳಿ ಕಳಿಸಿದವರು, ಬ್ಲಾಗ್ ಓದಿ ಬಂದವರು, ನೀವೇ ಮೊದಲು ಮೇಲ್ ಹಾಕಿ ಮಾತಾಡಿಸಿದವರು. ಯಾವ ಗುಂಪು ದೊಡ್ಡದು ಅಂತ ನೋಡಿದರೆ ಸಮಯ ಎಲ್ಲಿ ಹಾಕಬೇಕು ಅನ್ನುವುದು ಬಹುಮಟ್ಟಿಗೆ ತಿಳಿಯುತ್ತದೆ. ಬ್ಲಾಗಿಗಿಂತ ಹಳೆಯ ಕ್ಲೈಂಟುಗಳಿಂದಲೇ ಜಾಸ್ತಿ ಕೆಲಸ ಬಂದಿದೆ ಅಂತ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಈ ತಿಂಗಳ ಮೊದಲ ಗುರಿ ಅವರಿಗೆ ಮೇಲ್ ಬರೆಯುವುದಾಗಲಿ, ಬ್ಲಾಗ್ ಎರಡನೆಯದಾಗಲಿ.

ಗುರಿ ಮೂರಕ್ಕಿಂತ ಜಾಸ್ತಿ ಬೇಡ. ಹೀಗೆ ಬರೆಯಬಹುದು:

1. ಕ್ಲೈಂಟುಗಳು ಪದೇ ಪದೇ ಕೇಳುವ ಪ್ರಶ್ನೆಗಳ ಮೇಲೆ 2 ಹೊಸ ಪೋಸ್ಟ್.
2. ಒಂದು ಹಳೆಯ ಪೋಸ್ಟನ್ನು ತಿದ್ದಿ ಮತ್ತೆ ಹಾಕುವುದು.
3. 10 ಹಳೆಯ ಕ್ಲೈಂಟುಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್.

ನೋಡಲು ಚೆನ್ನಾಗಿದೆ. ಈಗ ಗಂಟೆ ಲೆಕ್ಕ ಹಾಕಿ. ಬರೆಯುವುದು, ತಿದ್ದುವುದು, ಚಿತ್ರ ಹುಡುಕುವುದು ಎಲ್ಲ ಸೇರಿ ಒಂದು ಪೋಸ್ಟಿಗೆ 6 ಗಂಟೆ ಹಿಡಿಯುತ್ತದೆ, ವಾರಕ್ಕೆ ಮಾರ್ಕೆಟಿಂಗಿಗೆ ಸಿಗುವುದು 3 ಗಂಟೆ ಅಂತಾದರೆ, ನಾಲ್ಕು ವಾರಕ್ಕೆ 12 ಗಂಟೆ. ಎರಡು ಪೋಸ್ಟಿಗೇ ಮುಗಿದು ಹೋಯಿತು, ಉಳಿದ ಎರಡು ಗುರಿಗೆ ಏನೂ ಇಲ್ಲ. ಪಟ್ಟಿಯಿಂದ ಒಂದು ಹೊಸ ಪೋಸ್ಟ್ ತೆಗೆದು ಹಾಕಿ. ಒಳ್ಳೆಯ ಗುರಿ ಹೇಗಿರಬೇಕು ಅಂತ ಐದು ಅಂಶಗಳಲ್ಲಿ ಹೇಳುವ ಸ್ಮಾರ್ಟ್ (SMART) ಪಟ್ಟಿಯ ಬಗ್ಗೆ ನೀವು ಕೇಳಿಯೇ ಇರುತ್ತೀರಿ. 1981ರಲ್ಲಿ ಜಾರ್ಜ್ ಡೊರಾನ್ ಅದನ್ನು ಮೊದಲು ಬರೆದಾಗ ಪಟ್ಟಿಯಲ್ಲಿ "ಇದನ್ನು ಯಾರು ಮಾಡುತ್ತಾರೆ" ಅನ್ನುವುದೂ ಇತ್ತು. ಅವರು ಬರೆದದ್ದು ಕಂಪನಿಯ ಮ್ಯಾನೇಜರುಗಳಿಗೆ. ಫ್ರೀಲ್ಯಾನ್ಸರ್‌ಗೆ ಈ ಪ್ರಶ್ನೆಯ ಉತ್ತರ ಯಾವಾಗಲೂ "ನಾನೇ" ಆದ್ದರಿಂದ ಗಂಟೆ ಲೆಕ್ಕ ಹಾಕದಿದ್ದರೆ ಗುರಿಗಳ ಪಟ್ಟಿ ಸುಮ್ನೆ ಉದ್ದವಾಗುತ್ತಾ ಹೋಗುತ್ತದೆ.

ಜೊತೆಗೆ, ಕ್ಲೈಂಟ್ ಕೆಲಸ ತಲೆ ಮೇಲೆ ಬಿದ್ದ ತಿಂಗಳಿಗೆ ಅಂತಲೇ ಒಂದು ಕನಿಷ್ಠ ಗುರಿ ಮೊದಲೇ ಬರೆದಿಡಿ. ಮೂರು ಮೇಲ್, ಅಷ್ಟೇ.

ಯಾವ ಹಳೆಯ ಪೋಸ್ಟ್ ತಿದ್ದಬೇಕು ಅನ್ನುವುದನ್ನು ಊಹೆಗೆ ಬಿಡಬೇಡಿ. ನಿಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಬಿಟ್ಟಿ ಸಿಗುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸರಾಸರಿ ಸ್ಥಾನದ ಚೌಕವನ್ನೂ ಒತ್ತಿ, ಕೆಳಗೆ ಪುಟಗಳ ಪಟ್ಟಿ ನೋಡಿ. ಇಂಪ್ರೆಶನ್ (ಹುಡುಕಾಟದ ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ) ಜಾಸ್ತಿ, ಕ್ಲಿಕ್ ಕಡಿಮೆ, ಸ್ಥಾನ 8ರಿಂದ 20ರ ಒಳಗೆ ಇರುವ ಪೋಸ್ಟ್ ಸಿಕ್ಕಿತಾ? ಜನ ಹುಡುಕುತ್ತಿದ್ದಾರೆ, ಗೂಗಲ್ ತೋರಿಸುತ್ತಲೂ ಇದೆ, ಆದರೆ ನಿಮ್ಮ ಪೋಸ್ಟ್ ಸ್ವಲ್ಪ ಕೆಳಗೆ ಬಿದ್ದಿದೆ. ಅದರ ಮೇಲೆ ಕ್ಲಿಕ್ ಮಾಡಿ ಕ್ವೆರಿಗಳ ಪಟ್ಟಿಗೆ ಹೋದರೆ ಜನ ಯಾವ ಪದ ಹಾಕಿ ಹುಡುಕಿದರು ಅಂತ ಕಾಣುತ್ತದೆ. ನೀವು ಲೋಗೋ ವಿನ್ಯಾಸದ ಬಗ್ಗೆ ಬರೆದಿದ್ದೀರಿ, ಜನ ಹುಡುಕಿದ್ದು "ಲೋಗೋ ಫೈಲ್ ಯಾವ ಫಾರ್ಮ್ಯಾಟಿನಲ್ಲಿ ಕೇಳಬೇಕು" ಅಂತ. ಪೋಸ್ಟಿನಲ್ಲಿ ಅದಕ್ಕೆ ಉತ್ತರ ಒಂದೇ ಸಾಲು ಇದ್ದರೆ, ಆ ಸಾಲನ್ನು ಒಂದು ಪೂರ್ತಿ ಭಾಗವಾಗಿ ಬೆಳೆಸಿ, ಶೀರ್ಷಿಕೆಯಲ್ಲೂ ತನ್ನಿ. ನನ್ನ ಪ್ರಕಾರ ಹೊಸ ಪೋಸ್ಟ್ ಬರೆಯುವುದಕ್ಕಿಂತ ಎಷ್ಟೋ ಸಲ ಇದೇ ಲಾಭ.

ಇನ್ನು ಪರಿಶೀಲನೆ. ತಿಂಗಳ ಕೊನೆಯ ದಿನವೇ ಕೂರಬೇಡಿ. ಸರ್ಚ್ ಕನ್ಸೋಲಿನ ಅಂಕಿಗಳು ಪೂರ್ತಿಯಾಗಿ ಬರಲು ಎರಡು ಮೂರು ದಿನ ಬೇಕು, ಹಾಗಾಗಿ ಮುಂದಿನ ತಿಂಗಳ 4 ಅಥವಾ 5ನೇ ತಾರೀಕು ಒಳ್ಳೆಯದು. ಇನ್ನೊಂದು ವಿಷಯ: ಜನವರಿಗೆ 31 ದಿನ, ಫೆಬ್ರವರಿಗೆ 28. ಏನೂ ಬದಲಾಗದಿದ್ದರೂ ಫೆಬ್ರವರಿಯ ಒಟ್ಟು ಅಂಕಿ ಶೇಕಡಾ 10ರಷ್ಟು ಕುಸಿದ ಹಾಗೆ ಕಾಣುತ್ತದೆ. ದಿನದ ಸರಾಸರಿ ತೆಗೆಯಿರಿ, ಇಲ್ಲವೇ 28 ದಿನಕ್ಕೆ 28 ದಿನ ಹೋಲಿಸಿ. ಹಬ್ಬ, ರಜೆ ಅಂತ ವರ್ಷದಲ್ಲಿ ಏರಿಳಿತ ಇರುವ ಕೆಲಸವಾದರೆ ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸುವುದು ಇನ್ನೂ ಸರಿ. ಸರ್ಚ್ ಕನ್ಸೋಲ್ 16 ತಿಂಗಳಷ್ಟೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ಆಗಾಗ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ನ್ಯೂಸ್‌ಲೆಟರ್ ಕಳಿಸುವವರು ಎಷ್ಟು ಜನ ತೆರೆದರು ಅನ್ನುವ ಅಂಕಿಯನ್ನು ನಂಬಬೇಡಿ. 2021ರ ಸೆಪ್ಟೆಂಬರಿನಿಂದ ಆಪಲ್ ತನ್ನ ಮೇಲ್ ಆ್ಯಪಿನಲ್ಲಿ ತಂದ ಗೌಪ್ಯತೆ ವ್ಯವಸ್ಥೆಯಿಂದಾಗಿ, ಓದುಗರು ಮೇಲ್ ಮುಟ್ಟದಿದ್ದರೂ ಅದು ತೆರೆದ ಲೆಕ್ಕಕ್ಕೆ ಸೇರಬಹುದು. ಎಷ್ಟು ಜನ ಉತ್ತರಿಸಿದರು, ಎಷ್ಟು ಜನ ಲಿಂಕ್ ಒತ್ತಿದರು ನೋಡಿ. ಇದಕ್ಕಿಂತ ಒಳ್ಳೆಯ ಅಳತೆ ನಿಮ್ಮ ಸಂಪರ್ಕ ಫಾರ್ಮಿನಲ್ಲಿ "ನನ್ನ ಬಗ್ಗೆ ಎಲ್ಲಿಂದ ಗೊತ್ತಾಯಿತು?" ಅನ್ನುವ ಒಂದು ಪ್ರಶ್ನೆ. ಅದಕ್ಕೆ ಆಯ್ಕೆಗಳ ಪಟ್ಟಿ ಕೊಡಬೇಡಿ, ಖಾಲಿ ಡಬ್ಬಿ ಬಿಡಿ. "ನನ್ನ ಗೆಳತಿ ನಿಮ್ಮ ಪೋಸ್ಟ್ ಕಳಿಸಿದ್ದಳು" ಅನ್ನುವಂಥ ಉತ್ತರ ಯಾವ ಅನಾಲಿಟಿಕ್ಸಿನಲ್ಲೂ ಬರುವುದಿಲ್ಲ.

ಪ್ರತಿ ಗುರಿಗೂ ಶೀಟಿನಲ್ಲಿ ಒಂದು ಸಾಲು ಬರೆಯಿರಿ: ಮಾಡಿದೆನಾ, ಏನಾಯಿತು, ಯಾಕೆ ಇರಬಹುದು. ಉದಾಹರಣೆಗೆ, "10 ಮೇಲ್ ಅಂದುಕೊಂಡಿದ್ದೆ, 7 ಕಳಿಸಿದೆ, 3 ಉತ್ತರ, 1 ವಿಚಾರಣೆ, ಹಳೆಯ ಪ್ರಾಜೆಕ್ಟಿನ ಹೆಸರು ಹೇಳಿ ಬರೆದವಕ್ಕೆ ಮಾತ್ರ ಉತ್ತರ ಬಂತು." ಈ ಕೊನೆಯ ತುಣುಕೇ ಮುಂದಿನ ತಿಂಗಳು ಕೆಲಸಕ್ಕೆ ಬರುವುದು. ಹಸಿರು, ಕೆಂಪು ಬಣ್ಣ ಹಚ್ಚಿ ಡ್ಯಾಶ್‌ಬೋರ್ಡ್ ಮಾಡುತ್ತಾ ಕೂತರೆ ಅದೇ ಒಂದು ಕೆಲಸವಾಗಿಬಿಡುತ್ತದೆ, ಮಾರ್ಕೆಟಿಂಗ್ ಅಲ್ಲಿಗೆ ನಿಂತಿತು.

ಫಲಿತಾಂಶಕ್ಕೆ ಒಂದೊಂದಕ್ಕೂ ಒಂದೊಂದು ಕಾಲ. ಮೇಲ್ ಕೆಲಸ ಮಾಡಿತೋ ಇಲ್ಲವೋ ಎರಡು ವಾರದಲ್ಲಿ ಗೊತ್ತಾಗುತ್ತದೆ. ಸರ್ಚಿನಿಂದ ಓದುಗರು ಬರಬೇಕಾದ ಪೋಸ್ಟಿಗೆ ತಿಂಗಳುಗಳೇ ಬೇಕಾಗಬಹುದು, ಹಾಗಾಗಿ ಈ ತಿಂಗಳು ಬರೆದದ್ದನ್ನು ಈ ತಿಂಗಳೇ ಅಳೆಯಬೇಡಿ. ಪ್ರಕಟಿಸಿದ ತಾರೀಕು ಬರೆದಿಟ್ಟು, ಮೂರನೇ ತಿಂಗಳ ಪರಿಶೀಲನೆಯಲ್ಲಿ ತೆರೆದು ನೋಡಿ.

ಮಾಡದೇ ಉಳಿದ ಗುರಿಯನ್ನು ಒಂದು ಸಲ ಮುಂದಕ್ಕೆ ಹಾಕಬಹುದು. ಎರಡನೇ ತಿಂಗಳೂ ಉಳಿಯಿತು ಅಂದರೆ ಅರ್ಧಕ್ಕೆ ಇಳಿಸಿ, ಇಲ್ಲವೇ ತೆಗೆದು ಹಾಕಿ. ಬಹುಶಃ ಆ ಕೆಲಸ ನಿಮಗೆ ಇಷ್ಟವೇ ಇಲ್ಲ, ವಿಡಿಯೋ ಮಾಡಬೇಕು ಅನ್ನುವ ಗುರಿಗಳು ಹೆಚ್ಚಾಗಿ ಹೀಗೇ ಸಾಯುತ್ತವೆ. ಹೊಸ ತಿಂಗಳ ಮೂರು ಸಾಲನ್ನು ಅದೇ ಕೂತಲ್ಲಿ ಬರೆದು, ಮೊದಲ ವಾರದ 3 ಗಂಟೆಯನ್ನು ಕ್ಲೈಂಟ್ ಮೀಟಿಂಗ್ ಹಾಕಿದ ಹಾಗೆಯೇ ಕ್ಯಾಲೆಂಡರಿಗೆ ಹಾಕಿ, ಶೀಟ್ ಮುಚ್ಚಿ.