ಹಣಕ್ಕೊಂದು ಕ್ಲಾಸ್: ಬಿಡಿಕಾಸಿನವರೆಗೂ ಲೆಕ್ಕ ತಾಳೆ ಬಿತ್ತು

ಹಣ ಅಂದರೆ ಒಂದು ಸಂಖ್ಯೆ ತಾನೇ, ಅದಕ್ಕೆ ಕ್ಲಾಸ್ (ಮಾಹಿತಿಯನ್ನೂ ಅದರ ನಿಯಮಗಳನ್ನೂ ಒಟ್ಟಿಗಿಡುವ ಕೋಡಿನ ಅಚ್ಚು) ಯಾಕೆ ಎಂದು ಜೊತೆಯವರೆಲ್ಲ ಕೇಳಿದ್ದರು. ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಅರವತ್ತು ಸಾಲಿನಷ್ಟು ‘ಮೊತ್ತ’ ಕ್ಲಾಸ್ ಇಡೀ ಬಿಲ್ಲಿಂಗ್ ಹೊತ್ತಿದೆ, ಒಂದು ಕಾಸೂ ಆಚೀಚೆ ಇಲ್ಲ.

ಮೊದಲ ಕರಡಿನಲ್ಲಿ ಫ್ಲೋಟ್, ಅಂದರೆ ಬೈನರಿಯಲ್ಲಿ ಅಂದಾಜಾಗಿ ಕೂರುವ ದಶಾಂಶ ಸಂಖ್ಯೆ, ಇಟ್ಟಿದ್ದೆ. ಅದರಲ್ಲಿ 0.1 ಮತ್ತು 0.2 ಕೂಡಿದರೆ 0.3 ಅಲ್ಲ, 0.30000000000000004 ಬರುತ್ತದೆ. ಪೆಟ್ಟು ಬಿದ್ದದ್ದು ಅಂಕಿಯನ್ನು ದುಂಡಾಗಿಸುವ ರೌಂಡ್ ಫಂಕ್ಷನ್ನಿನಲ್ಲಿ. 2.675 ಅನ್ನು ಎರಡು ದಶಾಂಶಕ್ಕೆ ಇಳಿಸಿದರೆ 2.68ರ ಬದಲು 2.67 ಬರುತ್ತದೆ, ಏಕೆಂದರೆ ಒಳಗೆ ಕೂತ ಬೈನರಿ ಬೆಲೆಯೇ ಕೂದಲೆಳೆಯಷ್ಟು ಕಡಿಮೆ. ಬಿಲ್ ಹೆಚ್ಚಿದಂತೆ ವ್ಯತ್ಯಾಸವೂ ಬೆಳೆಯಿತು. ಈಗ ಕ್ಲಾಸಿನಲ್ಲಿರುವುದು ಎರಡೇ: ಅತಿ ಚಿಕ್ಕ ನಾಣ್ಯದ ಲೆಕ್ಕದಲ್ಲಿ ಒಂದು ಪೂರ್ಣಾಂಕ, ಒಂದು ಕರೆನ್ಸಿ ಕೋಡ್. ಫ್ಲೋಟ್ ಬಂದರೆ ಬಾಗಿಲಲ್ಲೇ ಎರರ್. ಬೆಲೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಬರಬೇಕು, ದಶಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಮೂಲಕ ಹಾದು ಪೂರ್ಣಾಂಕವಾಗಬೇಕು. ರೂಪಾಯಿಗೆ ನೂರು ಪೈಸೆ ಎಂಬಂತೆ ನೂರು ಎಂಬ ಭಾಜಕವನ್ನು ಮಾತ್ರ ಗಟ್ಟಿ ಮಾಡಿ ಬರೆದಿಡಬೇಡಿ: ಯೆನ್‌ಗೆ ದಶಾಂಶವೇ ಇಲ್ಲ, ಕುವೈತಿ ದಿನಾರ್‌ಗೆ ಮೂರು ಸ್ಥಾನ.

ಎರಡನೇ ಎಡವಟ್ಟು: ಎರಡು ಮೊತ್ತ ಸಮವೇ ಎಂದು ನೋಡುವ ಡಂಡರ್ ಈಕ್ಯೂ (__eq__) ಕೈಯಾರೆ ಬರೆದು, ಆಬ್ಜೆಕ್ಟಿಗೆ ಗುರುತಿನ ಸಂಖ್ಯೆ ಕೊಡುವ ಡಂಡರ್ ಹ್ಯಾಶ್ (__hash__) ಬಿಟ್ಟೆ. ಹಾಗೆ ಮಾಡಿದರೆ ಪೈಥಾನ್ 3 ಹ್ಯಾಶ್ ಅನ್ನು ಕಿತ್ತುಹಾಕುತ್ತದೆ. ಒಂದೇ ಬೆಲೆ ಎರಡು ಸಲ ಬಾರದಂಥ ಸಂಗ್ರಹವಾದ ಸೆಟ್‌ಗೆ ಹಾಕಹೋದರೆ ಟೈಪ್‌ಎರರ್. ಫ್ರೋಜನ್ ಡೇಟಾಕ್ಲಾಸ್ (ಮಾಡಿದ ಮೇಲೆ ಬದಲಿಸಲಾಗದ, ಮಾಮೂಲಿ ಮೆಥಡ್‌ಗಳನ್ನು ಪೈಥಾನೇ ಬರೆದುಕೊಡುವ ಕ್ಲಾಸ್) ಮಾಡಿದ ಮೇಲೆ ಎರಡೂ ತಾವಾಗಿ ಬಂದವು, ಕೂಡಿಸಿದಾಗಲೆಲ್ಲ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ, ಹಳೆಯದನ್ನು ಯಾರೂ ತಿದ್ದಲಾರರು. ನನ್ನ ಮಟ್ಟಿಗೆ ಈ ಕ್ಲಾಸಿನ ಜೀವ ಇದೇ.

ಪಟ್ಟಿಯನ್ನು ಕೂಡಿಸುವ ಸಮ್ ಫಂಕ್ಷನ್ ತಾನಾಗಿ ಸೊನ್ನೆಯಿಂದ ಶುರುವಾಗುವುದರಿಂದ ಡಂಡರ್ ಆರ್‌ಆಡ್ (__radd__, ನಮ್ಮ ಮೊತ್ತ ಕೂಡು ಚಿಹ್ನೆಯ ಬಲಕ್ಕಿದ್ದಾಗ ನಡೆಯುವ ಮೆಥಡ್) ಬೇಕಾಗುತ್ತದೆ. ಅದರಲ್ಲಿ ಸೊನ್ನೆಯೊಂದನ್ನೇ ಒಪ್ಪಿ, ಉಳಿದದ್ದಕ್ಕೆ ‘ಇದು ನನ್ನಿಂದಾಗದು’ ಎನ್ನುವ ನಾಟ್‌ಇಂಪ್ಲಿಮೆಂಟೆಡ್ ಹಿಂದಿರುಗಿಸಿ. ಬೇರೆ ಬೇರೆ ಕರೆನ್ಸಿ ಕೂಡಿಸಿದರೆ ವ್ಯಾಲ್ಯೂಎರರ್. ಇಲ್ಲಿ ಸಡಿಲ ಬಿಟ್ಟರೆ ತಪ್ಪು ಮೊತ್ತ ಸದ್ದಿಲ್ಲದೆ ವರದಿಗೆ ಸೇರುತ್ತದೆ.

ನಡುವೆ ಸ್ಲಾಟ್ಸ್ (ಆಬ್ಜೆಕ್ಟಿನಲ್ಲಿ ಯಾವ ಯಾವ ಹೆಸರಿಗೆ ಜಾಗ ಎಂದು ಮೊದಲೇ ಗೊತ್ತುಮಾಡುವುದು) ಹಾಕಿಯೂ ನೋಡಿದೆ. ಹತ್ತು ಲಕ್ಷದಷ್ಟು ಆಬ್ಜೆಕ್ಟ್ ಮಾಡಿದಾಗ ಮೆಮೊರಿ ಚೆನ್ನಾಗಿಯೇ ಇಳಿಯಿತು, ವೇಗದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಪೈಥಾನ್ 3.10ರಿಂದ ಡೇಟಾಕ್ಲಾಸ್‌ಗೆ slots=True ಎಂದು ಸೇರಿಸಿದರೆ ಸಾಕು.

ಹಂಚಿಕೆ ಮೆಥಡ್ ಬಗ್ಗೆ ನನಗೆ ಹೆಮ್ಮೆಯಿದೆ. 100.00 ಅನ್ನು ಮೂವರಿಗೆ ಹಂಚಲು 10000 ಪೈಸೆಗೆ ಭಾಗಲಬ್ಧ, ಉಳಿಕೆ ಎರಡನ್ನೂ ಕೊಡುವ ಡಿವ್‌ಮಾಡ್: ತಲಾ 3333, ಉಳಿಕೆ 1. ಆ ಒಂದನ್ನು ಒಬ್ಬರಿಗೆ ಸೇರಿಸಿದರೆ 33.34, 33.33, 33.33. ಮರುಪಾವತಿಯ ಋಣ ಮೊತ್ತಕ್ಕೂ ಇದೇ ಕೋಡ್ ನಡೆಯುತ್ತದೆ, ಏಕೆಂದರೆ ಪೈಥಾನ್ ಕೆಳಮುಖವಾಗಿ ಭಾಗಿಸುತ್ತದೆ: −10000ಕ್ಕೆ −3334, ಉಳಿಕೆ 2. ಜಾವಾದಲ್ಲಿ ಉಳಿಕೆಯೇ ಋಣವಾಗುವುದರಿಂದ ಉಳಿಕೆಯನ್ನು ಒಂದೊಂದಾಗಿ ಹಂಚುವ ಲೂಪ್ ಬೇರೆ ಥರ ಬರೆಯಬೇಕು. ಉಳಿದ ಕಾಸು ಯಾರ ಪಾಲಿಗೆ ಹೋಗಬೇಕೆಂದು ತೀರ್ಮಾನಿಸುವ ನನ್ನ ನಾಲ್ಕು ಸಾಲನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.